ಮೀಡಿಯಂ ಅಂದ್ರೆ ಎಷ್ಟಪ್ಪಾ?

ಮೊನ್ನೆ ಆಫೀಸಲ್ಲಿ ರಿಸ್ಕ್ ರಿವ್ಯೂ ಮೀಟಿಂಗ್ ಇತ್ತು. ಮೂರು ತಿಂಗಳಿಗೊಮ್ಮೆ ನಡೆಯೋ ಶಾಸ್ತ್ರ. ಪರದೆ ಮೇಲೆ ಒಂದು ಎಕ್ಸೆಲ್ ಶೀಟು, ಅದರಲ್ಲಿ ನಲವತ್ತು ಸಾಲು, ಪ್ರತಿ ಸಾಲಿನ ಕೊನೆಗೆ ಹಸಿರು, ಹಳದಿ ಅಥವಾ ಕೆಂಪು ಬಣ್ಣದ ಒಂದು ಚೌಕ. ಲೋ, ಮೀಡಿಯಂ, ಹೈ. ಇಪ್ಪತ್ತೇಳನೇ ಸಾಲಿಗೆ ಬಂದ್ವಿ. ‘ಡೇಟಾಬೇಸ್ ಬದಲಾವಣೆ: ಮೀಡಿಯಂ.’ ನಾನು ಕೈ ಎತ್ತಿ ಕೇಳಿದೆ, “ಮೀಡಿಯಂ ಅಂದ್ರೆ ಎಷ್ಟು?”

ಒಂದಿಬ್ಬರು ನಕ್ಕರು. ಒಬ್ಬರು ಸಮಾಧಾನವಾಗಿ ಹೇಳಿದ್ರು, “ಮೀಡಿಯಂ ಅಂದ್ರೆ ಮೀಡಿಯಂ ಗುರು. ಹೈಗಿಂತ ಕಮ್ಮಿ, ಲೋಗಿಂತ ಜಾಸ್ತಿ.” ಎಲ್ಲರೂ ತಲೆ ಆಡಿಸಿದ್ರು. ಇಪ್ಪತ್ತೆಂಟನೇ ಸಾಲಿಗೆ ಹೋದ್ವಿ.

ಅವತ್ತೇ ಸಂಜೆ ಊರಿಂದ ಅಪ್ಪನ ಫೋನು. ನಮ್ಮೂರು ಚಳ್ಳಕೆರೆಯಿಂದ ಮೊಳಕಾಲ್ಮುರು ಕಡೆಗೆ ಹೋಗೋ ಸೀಮೆಯಲ್ಲಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಒಂದು ಅದು. ಹಾಗಾಗಿ ನಮ್ಮ ಮನೆ ಫೋನಿನಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು ಮಳೆ ಸಮಾಚಾರ.

“ಮಳೆ ಬಂತಾ ಅಪ್ಪ?”

“ಬಂತು ಕಣಪ್ಪ. ಗೇಣು ಹಸಿ ಆಗೈತೆ. ನಾಳೆ ಶೇಂಗಾ ಬಿತ್ತನೆ.”

ಫೋನ್ ಇಟ್ಟ ಮೇಲೆ ನನಗೆ ಹೊಳೀತು. ಬಿಇ ಮಾಡಿದ ಹನ್ನೆರಡು ಜನ ಎಸಿ ರೂಮಲ್ಲಿ ಕೂತು ಕೊಡೋಕಾಗದ ಉತ್ತರವನ್ನ ಏಳನೇ ಕ್ಲಾಸು ಓದಿದ ನಮ್ಮಪ್ಪ ಎರಡು ಪದದಲ್ಲಿ ಕೊಟ್ಟುಬಿಟ್ಟಿದ್ದ. ಗೇಣು ಹಸಿ.

ಸಿಟಿಯಲ್ಲಿ ಹುಟ್ಟಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕು. ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಗುದ್ದಲೀಲಿ ಒಂದು ಗುಂಡಿ ತೋಡ್ತಾರೆ. ಮೇಲಿನ ಮಣ್ಣು ಎಷ್ಟು ಆಳದವರೆಗೆ ಹಸಿಯಾಗಿದೆ, ಒಣ ಮಣ್ಣು ಎಲ್ಲಿಂದ ಶುರುವಾಗ್ತದೆ ಅಂತ ಕೈ ಇಟ್ಟು ನೋಡ್ತಾರೆ. ನಾಲ್ಕು ಬೆರಳು ಹಸಿಯಾಗಿದ್ರೆ ಸುಮ್ಮನಿರು. ಗೇಣು ಹಸಿಯಾಗಿದ್ರೆ ನಮ್ಮ ಕೆಂಪು ನೆಲಕ್ಕೆ ಬಿತ್ತಬಹುದು. ಇದರಲ್ಲಿ ಮಿಲಿಮೀಟರ್ ಇಲ್ಲ, ಡ್ಯಾಶ್‌ಬೋರ್ಡ್ ಇಲ್ಲ. ಆದರೆ ಒಂದೇ ಗುಂಡೀಲಿ ನಮ್ಮಪ್ಪ ಕೈ ಇಟ್ಟರೂ, ಪಕ್ಕದ ಹೊಲದ ದೊಡ್ಡಪ್ಪ ಕೈ ಇಟ್ಟರೂ ಹೆಚ್ಚುಕಡಿಮೆ ಒಂದೇ ಉತ್ತರ ಬರ್ತದೆ. ಬೀಜಕ್ಕೆ ಹಾಕಿದ ಸಾಲದ ದುಡ್ಡು ಆ ಉತ್ತರದ ಮೇಲೆ ನಿಂತಿರ್ತದೆ.

ನಾನು ಇಲ್ಲಿ ಹೇಳೋಕೆ ಹೊರಟಿರೋದು ಇಷ್ಟೇ. ನಂಬರ್ ಇಲ್ಲದ ಅಂದಾಜು ಅಂದ್ರೆ ಮನಸ್ಸಿಗೆ ಬಂದ ಅಂದಾಜು ಅಂತ ಅರ್ಥ ಅಲ್ಲ. ‘ಕ್ವಾಲಿಟೇಟಿವ್’ ಅನ್ನೋ ಪದದ ಹಿಂದೆ ನಮ್ಮ ಕಂಪನಿಗಳು ಸೋಮಾರಿತನವನ್ನ ಬಚ್ಚಿಡ್ತಾ ಇವೆ. ಬರೀ ಸೋಮಾರಿತನ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಅರ್ಥ ಬರೆದಿಡದ ಪದ ಯಾವಾಗಲೂ ಅಧಿಕಾರ ಇರೋನ ಕೈಯಲ್ಲಿರೋ ಕೋಲು. ಪೆಟ್ಟು ಬೀಳೋದು ಕೆಳಗಿರೋನಿಗೆ.

ಊರನ್ನ ಹೊಗಳಿ ಪೇಟೆಯನ್ನ ಬೈಯೋ ಲೇಖನ ಇದಲ್ಲ. ಕೆಟ್ಟ ಅಂದಾಜು ಹೇಗಿರ್ತದೆ ಅನ್ನೋದನ್ನೂ ನಾನು ಊರಲ್ಲೇ ಕಲಿತದ್ದು.

ಬೆಳೆ ನಷ್ಟಕ್ಕೆ ಸರ್ಕಾರ ಕೊಡೋ ಪರಿಹಾರಕ್ಕೆ ಒಂದು ಗೆರೆ ಇದೆ. 2015ರವರೆಗೆ ಶೇಕಡ 50ರಷ್ಟು ಬೆಳೆ ಹೋಗಿದ್ರೆ ಮಾತ್ರ ಪರಿಹಾರ. ಆ ವರ್ಷ ಅದನ್ನ ಶೇಕಡ 33ಕ್ಕೆ ಇಳಿಸಿದ್ರು. ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 6,800 ರೂಪಾಯಿ, ಗರಿಷ್ಠ ಎರಡು ಹೆಕ್ಟೇರು. 2022ರಲ್ಲಿ ಅದು 8,500 ಆಯ್ತು. ನಮ್ಮದು ಐದು ಎಕರೆ, ಅಂದ್ರೆ ಎರಡು ಹೆಕ್ಟೇರು. 2018ರ ಮುಂಗಾರಲ್ಲಿ ಹೂವು ಬಿಡೋ ಹೊತ್ತಿಗೆ ಮಳೆ ಕೈಕೊಡ್ತು. ಶೇಂಗಾ ಗಿಡ ಹಸಿರಾಗೇ ನಿಂತಿತ್ತು, ಕಿತ್ತು ನೋಡಿದ್ರೆ ಬುಡದಲ್ಲಿ ಕಾಯಿ ಇಲ್ಲ. ನಷ್ಟ ನೋಡೋಕೆ ಬಂದವರು ಬದುವಿನ ಮೇಲೆ ನಿಂತು ನೋಡಿದ್ರು. ನಮ್ಮ ಕಡೆಗೆ ಶೇಕಡ 30 ಅಂತ ಬರೆದ್ರು. ಬದುವಿನ ಆಚೆ ಬೇರೆ ಊರಿನ ಸರಹದ್ದು. ಅಲ್ಲಿಗೆ ಬೇರೆಯವರು ಬಂದಿದ್ರು. ಅವರು ಗಿಡ ಕಿತ್ತು ನೋಡಿ ಶೇಕಡ 40 ಅಂತ ಬರೆದ್ರು. ಅದೇ ಮೋಡ, ಅದೇ ಮಣ್ಣು, ಅದೇ ಬೀಜ. ಆ ಕಡೆಯವರು ಗೆರೆ ದಾಟಿದ್ರು, ನಾವು ದಾಟಲಿಲ್ಲ. ನಮಗೆ ತಪ್ಪಿದ್ದು 13,600 ರೂಪಾಯಿ. ಅವತ್ತಿಗೆ ಅದು ಮುಂದಿನ ವರ್ಷದ ಬೀಜದ ದುಡ್ಡು.

ಊರವರು ಎಂದಿನಂತೆ ಲಂಚ ಅಂದ್ರು, ಜಾತಿ ಅಂದ್ರು. ನಾನೂ ಆಗ ಹಾಗೇ ಅಂದ್ಕೊಂಡಿದ್ದೆ. ಈಗ ಅನಿಸೋದು ಬೇರೆ. ಬಂದ ಇಬ್ಬರಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಒಬ್ಬರು ಗಿಡ ನೋಡಿದ್ರು, ಇನ್ನೊಬ್ಬರು ಕಾಯಿ ನೋಡಿದ್ರು. ಎರಡಕ್ಕೂ ‘ಬೆಳೆ ನಷ್ಟ’ ಅಂತಲೇ ಹೆಸರು. ಯಾವುದನ್ನ ನೋಡ್ಬೇಕು ಅಂತ ಅವರಿಬ್ಬರೂ ಮೊದಲೇ ಕೂತು ಮಾತಾಡ್ಕೊಂಡಿರಲಿಲ್ಲ, ಅಷ್ಟೇ. ಕೆಟ್ಟವರಿಲ್ಲದೆಯೂ ಅನ್ಯಾಯ ನಡೀತದೆ ಅಂತ ನಾನು ಕಲಿತದ್ದು ಅಲ್ಲಿ.

ಇದಕ್ಕೆ ಈಗ ದೊಡ್ಡ ಹೆಸರಿದೆ. ಡೇನಿಯಲ್ ಕಾನ್‌ಮನ್ ಮತ್ತು ಇಬ್ಬರು ಸಹಲೇಖಕರು 2021ರಲ್ಲಿ ‘ನಾಯ್ಸ್’ ಅನ್ನೋ ಪುಸ್ತಕ ತಂದ್ರು. ಅದರಲ್ಲಿ ಒಂದು ವಿಮಾ ಕಂಪನಿಯ ಕಥೆ ಬರ್ತದೆ. ಒಂದೇ ಕೇಸನ್ನ ಆ ಕಂಪನಿಯ ಇಬ್ಬರು ಅನುಭವಿಗಳಿಗೆ ಬೇರೆ ಬೇರೆಯಾಗಿ ಕೊಟ್ರೆ ಅವರು ಹೇಳೋ ಪ್ರೀಮಿಯಂನಲ್ಲಿ ಎಷ್ಟು ವ್ಯತ್ಯಾಸ ಬರಬಹುದು ಅಂತ ಮೇಲಿನವರನ್ನ ಕೇಳಿದ್ರು. ಶೇಕಡ 10 ಇರಬಹುದು ಅಂದ್ರು. ನಿಜಕ್ಕೂ ಬಂದ ಮಧ್ಯದ ಅಂಕಿ ಶೇಕಡ 55. ವರ್ಷಗಟ್ಟಲೆ ಒಂದೇ ಆಫೀಸಲ್ಲಿ ಕೂತಿದ್ರೂ ತಮ್ಮೊಳಗೆ ಇಷ್ಟು ಅಂತರ ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗೋದಾದ್ರೂ ಹೇಗೆ? ಒಂದೇ ಕೇಸನ್ನ ಇಬ್ಬರಿಗೆ ಯಾರೂ ಕೊಟ್ಟೇ ಇರಲಿಲ್ಲ.

ಇದಕ್ಕಿಂತ ಹಳೇ ಕಥೆ ಇನ್ನೊಂದು. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು, ಸೋವಿಯತ್ ಕಡೆಯವರು ಯುಗೊಸ್ಲಾವಿಯಾ ಮೇಲೆ ದಾಳಿ ಮಾಡೋ ‘ಗಂಭೀರ ಸಾಧ್ಯತೆ’ ಇದೆ ಅಂತ ಹೇಳ್ತು. ಅದನ್ನ ತಯಾರು ಮಾಡಿದವರಲ್ಲಿ ಶೆರ್ಮನ್ ಕೆಂಟ್ ಒಬ್ಬರು. ಹಾಗಂದ್ರೆ ಎಷ್ಟು ಅಂತ ಯಾರೋ ಕೇಳಿದಾಗ ಕೆಂಟ್ ನೂರಕ್ಕೆ 65 ಅಂದ್ರು. ಕೇಳಿದವರಿಗೆ ಗಾಬರಿ, ಅವರು ಅದಕ್ಕಿಂತ ಎಷ್ಟೋ ಕಮ್ಮಿ ಅಂದ್ಕೊಂಡಿದ್ರು. ಆಮೇಲೆ ಕೆಂಟ್ ತಮ್ಮ ಜೊತೆ ಕೂತು ಅದೇ ವರದಿಗೆ ಒಪ್ಪಿಗೆ ಕೊಟ್ಟವರನ್ನೇ ವಿಚಾರಿಸಿದ್ರು. ನೂರಕ್ಕೆ 20ರಿಂದ 80ರವರೆಗೂ ಉತ್ತರ ಬಂತು. ಎಲ್ಲರೂ ಒಪ್ಪಿದ್ದು ಪದಕ್ಕೆ, ಅರ್ಥಕ್ಕಲ್ಲ. ಈ ಅನುಭವವನ್ನ ಅವರು 1964ರಲ್ಲಿ ಒಂದು ಪ್ರಬಂಧವಾಗಿ ಬರೆದ್ರು. ಅರವತ್ತು ವರ್ಷ ಆದ್ಮೇಲೂ ನಮ್ಮ ಇಪ್ಪತ್ತೇಳನೇ ಸಾಲು ಅಲ್ಲೇ ನಿಂತಿದೆ.

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಇಲ್ಲಾಂದ್ರೆ ಇದೆಲ್ಲ ಬರೀ ಉಪದೇಶ ಆಗ್ತದೆ.

ಹಿಂದೆ ಕೆಲಸ ಮಾಡ್ತಿದ್ದ ಕಡೆ ನಾನು ಒಂದು ಟೀಮಿನ ಲೀಡ್ ಆಗಿದ್ದೆ. ಕೈಕೆಳಗೆ ಒಬ್ಬ ಹುಡುಗ, ಕಾಲೇಜು ಮುಗಿಸಿ ಎರಡು ವರ್ಷ ಆಗಿತ್ತು. ‘ಬ್ಯಾಕಪ್ ಇದೆ, ಆದರೆ ಅದನ್ನ ವಾಪಸ್ ಹಾಕಿ ಯಾರೂ ನೋಡಿಲ್ಲ’ ಅಂತ ಅವನು ರಿಸ್ಕ್ ಶೀಟಲ್ಲಿ ಬರೆದು ‘ಹೈ’ ಅಂತ ಹಾಕಿದ್ದ. ಹೈ ಅಂತ ಇದ್ರೆ ಮೇಲಿನವರ ಮುಂದೆ ಹೋಗಿ ವಿವರಣೆ ಕೊಡಬೇಕು. ನನಗೆ ಆ ವಾರ ರಿಲೀಸ್ ಇತ್ತು. “ಇದು ಹೈ ಅಲ್ಲ ಮಗಾ, ನಾಲ್ಕು ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ” ಅಂತ ನಾನೇ ಮೀಡಿಯಂ ಮಾಡಿದೆ. ಅವನು ಏನೋ ಹೇಳೋಕೆ ಬಂದ, ಬಿಟ್ಟ. ಲೀಡ್ ಹೇಳಿದ ಮೇಲೆ ಮುಗೀತು.

ಐದು ತಿಂಗಳಿಗೆ ಡೇಟಾಬೇಸ್ ಬಿತ್ತು. ಎರಡು ಗಂಟೇಲಿ ಎದ್ದೇಳಬೇಕಾದ ಸಿಸ್ಟಮ್ ಹತ್ತೊಂಬತ್ತು ಗಂಟೆ ಮಲಗಿತ್ತು. ಆಮೇಲಿನ ಮೀಟಿಂಗಲ್ಲಿ ಶೀಟ್ ತೆಗೆದ್ರು. ಆ ಸಾಲಿನ ‘ಓನರ್’ ಕಾಲಂನಲ್ಲಿ ಅವನ ಹೆಸರು. “ನೀವೇ ಮೀಡಿಯಂ ಅಂತ ಹಾಕಿದೀರಲ್ಲ?” ಅಂದ್ರು. ಅವನು ನನ್ನ ಕಡೆ ನೋಡಿದ. ನಾನು ಲ್ಯಾಪ್‌ಟಾಪ್ ನೋಡ್ತಿದ್ದೆ. ಆ ವರ್ಷ ಅವನಿಗೆ ಇನ್‌ಕ್ರಿಮೆಂಟ್ ಆಗಲಿಲ್ಲ. ನನಗೆ ಆಯ್ತು.

ಬಾಯಿ ಬಿಡದೆ ಕೂತದ್ದು ನನ್ನ ಹೇಡಿತನ. ಅದಕ್ಕೆ ಯಾವ ಸ್ಕೇಲೂ ಮದ್ದಲ್ಲ. ಆದರೆ ಅದಕ್ಕೂ ಮೊದಲು ನಡೆದದ್ದು ಬೇರೆ. ಹೈ ಅಂದಾಗ ಅವನು ಯೋಚನೆ ಮಾಡಿದ್ದು, ಬಿದ್ದರೆ ಎಷ್ಟು ಪೆಟ್ಟು ಅಂತ. ಮೀಡಿಯಂ ಅಂದಾಗ ನಾನು ಯೋಚನೆ ಮಾಡಿದ್ದು, ಬೀಳೋದು ಎಷ್ಟು ಅಪರೂಪ ಅಂತ. ಮ್ಯಾನೇಜರು ಒಪ್ಪಿದ್ದು, ಹೇಗೂ ಬ್ಯಾಕಪ್ ಇದೆಯಲ್ಲ ಅಂತ. ಮೂವರೂ ಮೂರು ಬೇರೆ ಪ್ರಶ್ನೆಗೆ ಉತ್ತರ ಬರೆದು ಒಂದೇ ಚೌಕದಲ್ಲಿ ತುಂಬಿದ್ವಿ. ಬದುವಿನ ಮೇಲೆ ನಿಂತು ಒಬ್ಬರು ಗಿಡ, ಒಬ್ಬರು ಕಾಯಿ ನೋಡಿದ್ರಲ್ಲ, ಅದೇ. ನಮ್ಮಪ್ಪನ 13,600 ರೂಪಾಯಿ ಹೋದ ದಾರೀಲೇ ಆ ಹುಡುಗನ ಇನ್‌ಕ್ರಿಮೆಂಟೂ ಹೋಯ್ತು. ಈ ಸಲ ಬದುವಿನ ಮೇಲೆ ನಿಂತೋನು ನಾನು.

ಮೊಳಕಾಲ್ಮುರಿನ ಗೆಳೆಯನೊಬ್ಬ ಹಾಸ್ಟೆಲಲ್ಲಿ ನನ್ನ ರೂಮಿನಲ್ಲಿದ್ದ. ಅವರಪ್ಪ ರೇಷ್ಮೆ ಸೀರೆ ನೇಯೋರು. ಮೊಳಕಾಲ್ಮುರು ಸೀರೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಬೆಂಗಳೂರಿನ ಅಂಗಡಿಗಳಲ್ಲಿ ಹೆಸರು ಹೇಳಿ ಮಾರ್ತಾರೆ. ಆದರೆ ಸೀರೆ ಮಗ್ಗದಿಂದ ಇಳಿದ ದಿನ ನಡೆಯೋದೇ ಬೇರೆ ಅಂತ ಅವನು ಹೇಳ್ತಿದ್ದ. ನೂಲು ಕೊಟ್ಟು ನೇಯಿಸಿಕೊಂಡೋರು ಸೀರೆಯನ್ನ ಬೆಳಕಿಗೆ ಹಿಡಿದು “ಮಾಲು ಅಷ್ಟಕ್ಕಷ್ಟೆ” ಅಂದ್ರೆ ಸಾಕು, ಕೂಲೀಲಿ ಕಡಿತ. ಅಷ್ಟಕ್ಕಷ್ಟೆ ಅಂದ್ರೆ ಎಷ್ಟು? ಎಷ್ಟು ಎಳೆ ತಪ್ಪಿದೆ? ಎಲ್ಲಿ? ಕೇಳೋ ಹಾಗಿಲ್ಲ. ಕೇಳಿದ್ರೆ ಮುಂದಿನ ವಾರ್ಪು ಬೇರೆಯವರ ಮಗ್ಗಕ್ಕೆ. ಹಬ್ಬದ ಸೀಸನ್‌ನಲ್ಲಿ ಅಂಥದೇ ಸೀರೆ ‘ಚೆನ್ನಾಗಿದೆ’ ಆಗ್ತಿತ್ತಂತೆ.

ಪದ ಮಸುಕಾಗಿದ್ದಷ್ಟೂ ಅದನ್ನ ಬಳಸೋನಿಗೆ ಅನುಕೂಲ. ನಮ್ಮ ಕಂಪನಿಗಳಲ್ಲೂ ಅಷ್ಟೇ. ರಿಲೀಸ್ ಬೇಕಾದಾಗ ಮೀಡಿಯಂ ಅಂದ್ರೆ ‘ಪರವಾಗಿಲ್ಲ, ನಡೀಲಿ’. ಏನಾದ್ರೂ ಬಿದ್ದ ಮೇಲೆ ಮೀಡಿಯಂ ಅಂದ್ರೆ ‘ಗೊತ್ತಿದ್ದೂ ಸುಮ್ಮನಿದ್ರಿ’. ಒಂದೇ ಹಳದಿ ಚೌಕ, ಎರಡು ನಾಲಿಗೆ. ಯಾವ ನಾಲಿಗೆ ಯಾವಾಗ ಮಾತಾಡಬೇಕು ಅಂತ ತೀರ್ಮಾನ ಮಾಡೋರು ಮೀಟಿಂಗಲ್ಲಿ ದೊಡ್ಡ ಕುರ್ಚೀಲಿ ಕೂತೋರು.

“ಬರೆದಿಟ್ಟ ಮಾತ್ರಕ್ಕೆ ಅನ್ಯಾಯ ನಿಲ್ತದಾ?” ಅಂತ ಕೇಳ್ತೀರ. ನಿಲ್ಲಲ್ಲ. ಆದರೆ ಬರೆದಿಟ್ರೆ ಜಗಳ ಆಡಬಹುದು.

ಬರ ಘೋಷಣೆಯನ್ನೇ ನೋಡಿ. ಬೆಳೆಯನ್ನ ಆಣೆ ಲೆಕ್ಕದಲ್ಲಿ ಹೇಳೋ ರೂಢಿ ನಮ್ಮಲ್ಲಿ ಇನ್ನೂ ಇದೆ. ಹದಿನಾರಾಣೆ ಅಂದ್ರೆ ತುಂಬು ಬೆಳೆ, ಎಂಟಾಣೆ ಅಂದ್ರೆ ಅರ್ಧ. ಮಹಾರಾಷ್ಟ್ರದ ಕಡೆ ಇದೇ ಆಣೆವಾರಿ, ಪೈಸೆವಾರಿ ಅನ್ನೋ ಸರ್ಕಾರಿ ಪದ್ಧತಿಯಾಗಿ ಬರ ತೀರ್ಮಾನ ಮಾಡ್ತಿತ್ತು. ಅದರಲ್ಲಿ ಕಣ್ಣಂದಾಜಿನ ಪಾಲು ದೊಡ್ಡದು. ಕೇಂದ್ರ ಸರ್ಕಾರ 2016ರಲ್ಲಿ ಬರ ಕೈಪಿಡಿಯನ್ನ ಹೊಸದಾಗಿ ಬರೀತು. ಮೊದಲು ಮಳೆ ಎಷ್ಟು ಕೊರತೆ, ಎಷ್ಟು ವಾರ ಒಣ ಹವೆ ಅಂತ ನೋಡ್ಬೇಕು. ಅದು ಗೆರೆ ದಾಟಿದ್ರೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದ ಚಿತ್ರದಲ್ಲಿ ಬೆಳೆ ಹೇಗಿದೆ, ಮಣ್ಣಲ್ಲಿ ತೇವ ಎಷ್ಟಿದೆ, ಜಲಾಶಯ ಮತ್ತು ಅಂತರ್ಜಲ ಹೇಗಿದೆ ಅಂತ ನೋಡ್ಬೇಕು. ಆಮೇಲೆ ಆರಿಸಿದ ಊರುಗಳಿಗೆ ಹೋಗಿ ಹೊಲದಲ್ಲೇ ತಾಳೆ ನೋಡ್ಬೇಕು. ಕೊನೆಗೆ ಬರೋ ಉತ್ತರ ಮತ್ತೆ ಪದಗಳೇ. ‘ತೀವ್ರ’ ಅಥವಾ ‘ಸಾಧಾರಣ’. ಆದರೆ ಪದದ ಕೆಳಗೆ ನೆಲ ಇದೆ.

2023ರ ಸೆಪ್ಟೆಂಬರಲ್ಲಿ ನಮ್ಮ ರಾಜ್ಯ 195 ತಾಲೂಕುಗಳನ್ನ ಬರಪೀಡಿತ ಅಂತ ಘೋಷಿಸಿತು. 161 ತೀವ್ರ, 34 ಸಾಧಾರಣ. ಆಮೇಲೆ ಪಟ್ಟಿ ಇನ್ನೂ ಬೆಳೀತು. ಕೈಪಿಡಿಯ ಮಾನದಂಡ ತುಂಬಾ ಬಿಗಿ, ಬದಲಾಯಿಸಿ ಅಂತ ರಾಜ್ಯ ಕೇಂದ್ರವನ್ನ ಕೇಳ್ತು. ರಾಜ್ಯ ಕೇಳಿದ ಪರಿಹಾರ 18,171 ಕೋಟಿ ರೂಪಾಯಿ. ಅದು ಬರಲಿಲ್ಲ ಅಂತ 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಏಪ್ರಿಲಲ್ಲಿ ಸುಮಾರು 3,454 ಕೋಟಿ ಬಿಡುಗಡೆ ಆಯ್ತು. ಈ ಜಗಳದಲ್ಲಿ ಯಾರು ಸರಿ ಅನ್ನೋದು ಇಲ್ಲಿ ನನ್ನ ವಿಷಯ ಅಲ್ಲ. ಮಾನದಂಡ ಬರೆದಿಟ್ಟಿದ್ದಕ್ಕೇ ‘ಇದು ಬಿಗಿ’ ಅಂತ ತಕರಾರು ತೆಗೆಯೋಕಾಯ್ತು. ಯಾರದೋ ಮನಸ್ಸಲ್ಲಿದ್ದ ಮಾನದಂಡವನ್ನ ಕೋರ್ಟಿಗೆ ಹೇಗೆ ತಗೊಂಡು ಹೋಗ್ತೀರ? 2018ರಲ್ಲಿ ಶೇಕಡ 30 ಅನ್ನೋದನ್ನ ಪ್ರಶ್ನೆ ಮಾಡೋಕೆ ನಮ್ಮಪ್ಪನ ಹತ್ರ ಏನೂ ಇರಲಿಲ್ಲ. ‘ಕಾಯಿ ಎಣಿಸಬೇಕು ಅಂತ ಇಲ್ಲಿ ಬರೆದಿದೆಯಲ್ಲ ಸ್ವಾಮಿ’ ಅಂತ ತೋರಿಸೋಕೆ ಒಂದು ಕಾಗದ ಕೈಲಿದ್ದಿದ್ರೆ ಅವನು ಕಚೇರಿ ಮುಂದೆ ಮೂರು ದಿನ ಕೂತಿರ್ತಿದ್ದ. ನನ್ನ ಟೀಮಿನ ಹುಡುಗನ ಹತ್ರವೂ ಏನೂ ಇರಲಿಲ್ಲ.

ಈಗ ನಮ್ಮವರ ವಾದಗಳಿಗೆ ಬರೋಣ.

ಮೊದಲನೇ ವಾದ ಇಂಜಿನಿಯರುಗಳದ್ದು. “ಪದ ಬಿಡು ಗುರು, ನಂಬರ್ ಹಾಕು. ಸಾಧ್ಯತೆಗೆ 1ರಿಂದ 5, ಪೆಟ್ಟಿಗೆ 1ರಿಂದ 5, ಗುಣಿಸು, ಮುಗೀತು.” ನೋಡೋಕೆ ಗಣಿತ, ಒಳಗೆ ಅದೇ ಮೀಡಿಯಂ. ಆ 3 ಅನ್ನೋದು ಅಳೆದು ಬಂದ ಮೂರಲ್ಲ, ‘ನಡುವೆ ಎಲ್ಲೋ’ ಅನ್ನೋದಕ್ಕೆ ಹಾಕಿದ ವೇಷ. ಸಾಧ್ಯತೆ 5, ಪೆಟ್ಟು 2 ಅಂದ್ರೆ 10. ಸಾಧ್ಯತೆ 2, ಪೆಟ್ಟು 5 ಅಂದ್ರೂ 10. ದಿನಾ ಟೇಬಲ್ ಮೇಲೆ ಕಾಫಿ ಚೆಲ್ಲೋದೂ, ಎಂದೋ ಒಂದು ದಿನ ಮನೆ ಸುಟ್ಟುಹೋಗೋದೂ ಒಂದೇನಾ? ಇಂಥ ರಿಸ್ಕ್ ಮ್ಯಾಟ್ರಿಕ್ಸ್‌ಗಳ ಬಗ್ಗೆ ಟೋನಿ ಕಾಕ್ಸ್ 2008ರಲ್ಲೇ ಬರೆದ್ರು. ಇವು ಚಿಕ್ಕ ಅಪಾಯವನ್ನ ದೊಡ್ಡದರ ಮೇಲೆ ಕೂರಿಸಬಹುದು, ಕೆಲವು ಸಂದರ್ಭಗಳಲ್ಲಿ ಚೀಟಿ ಎತ್ತಿ ತೀರ್ಮಾನ ಮಾಡೋದಕ್ಕಿಂತಲೂ ಕಡೆಯಾಗಬಹುದು ಅಂತ ಲೆಕ್ಕ ಹಾಕಿ ತೋರಿಸಿದ್ರು. ನಿಜವಾದ ಡೇಟಾ ಇದ್ರೆ ನಂಬರ್ ಹಾಕಿ, ಬೇಡ ಅನ್ನಲ್ಲ. ಇಲ್ಲದಿದ್ರೆ ಪದವೇ ಇರಲಿ, ಅದಕ್ಕೆ ಅರ್ಥ ಕೊಡಿ.

ಪದಕ್ಕೆ ಅರ್ಥ ಕೊಡೋದು ಆಗದ ಕೆಲಸ ಏನಲ್ಲ. ಹವಾಮಾನ ಇಲಾಖೆ ‘ಭಾರಿ ಮಳೆ’ ಅಂದ್ರೆ 24 ಗಂಟೇಲಿ 64.5ರಿಂದ 115.5 ಮಿಲಿಮೀಟರ್. ‘ಅತಿ ಭಾರಿ’ ಅಂದ್ರೆ 115.6ರಿಂದ 204.4. ನಮ್ಮೂರಲ್ಲಿ ಹಳ್ಳ ಒಂದು ಸಲ ಹರಿದ್ರೆ ಭಾರಿ ಮಳೆ, ಆಗುಂಬೆಯಲ್ಲಿ ಅದು ಜಿಟಿಜಿಟಿ. ಊರಿನ ಮಾತು ಊರಿಗೆ ಸಾಕು. ಎರಡು ಊರು ಒಂದೇ ಪಟ್ಟೀಲಿ ಬಂದಾಗ ಪದಕ್ಕೆ ಅಳತೆ ಬೇಕು. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಗಳಲ್ಲಿ ‘ಸಂಭವನೀಯ’ ಅಂದ್ರೆ ನೂರಕ್ಕೆ 66 ಅಥವಾ ಹೆಚ್ಚು, ‘ತುಂಬಾ ಸಂಭವನೀಯ’ ಅಂದ್ರೆ 90 ಅಥವಾ ಹೆಚ್ಚು. ನಮ್ಮ ಫೀಲ್ಡಲ್ಲೇ ಸಾಫ್ಟ್‌ವೇರ್ ದೋಷಗಳಿಗೆ ಸಿವಿಎಸ್ಎಸ್ ಅಂಕ ಇದೆ, 4.0ರಿಂದ 6.9 ಮೀಡಿಯಂ, 7.0ರಿಂದ 8.9 ಹೈ. ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ರೆ ಆ ಅಂಕ ಬರ್ತದೆ ಅನ್ನೋದೂ ಬಹಿರಂಗ. ಅದು ದೋಷದ ತೀವ್ರತೆ ಹೇಳ್ತದೆ, ನಿಮ್ಮ ಕಂಪನಿಗೆ ಎಷ್ಟು ರಿಸ್ಕ್ ಅಂತ ಹೇಳಲ್ಲ. ಆದರೆ ಇಬ್ಬರು ಅಪರಿಚಿತರು ಒಂದೇ ದೋಷದ ಬಗ್ಗೆ ಮಾತಾಡೋಕೆ ಒಂದು ನೆಲ ಕೊಡ್ತದೆ.

ಎರಡನೇ ವಾದ ಸೀನಿಯರ್‌ಗಳದ್ದು. “ಇಪ್ಪತ್ತು ವರ್ಷದ ಅನುಭವ ಇದೆ, ವಾಸನೆ ಹಿಡೀತೀನಿ. ನಿಮ್ಮ ಟೇಬಲ್ಲು ಅನುಭವವನ್ನ ಕೊಲ್ತದೆ.” ಅನುಭವಕ್ಕೆ ನಾನು ಕೈ ಮುಗೀತೀನಿ. ನಮ್ಮಪ್ಪನಿಗೆ ಐವತ್ತು ವರ್ಷದ ಅನುಭವ ಇದೆ. ಆದರೂ ಅವನು ಗುಂಡಿ ತೋಡ್ತಾನೆ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡೋರಿಗೆ ಕಾಯಿ ಹಿಡಿದ ತಕ್ಷಣ ಬೀಜ ಹೇಗಿದೆ ಅಂತ ಗೊತ್ತಾಗ್ತದೆ. ಆದರೂ ರೇಟಿನ ಮಾತು ಬಂದಾಗ ಒಂದಷ್ಟು ಕಾಯಿ ತೂಗಿ, ಸುಲಿದು, ಬೀಜ ತೂಗಿದರೇನೇ ಇಬ್ಬರಿಗೂ ಸಮಾಧಾನ. ನಿಮ್ಮ ವಾಸನೆ ನಿಮಗೆ ಸರಿ ಸ್ವಾಮಿ. ಎದುರಿಗಿರೋನಿಗೆ ತೋರಿಸೋಕೆ ಬೀಜ ಬೇಕು.

ಮೂರನೇ ವಾದ ಮ್ಯಾನೇಜರುಗಳದ್ದು. “ಟೈಮಿಲ್ಲ.” ನಲವತ್ತು ಸಾಲಿಗೆ ಅರ್ಥವಿಲ್ಲದ ಬಣ್ಣ ಹಚ್ಚೋಕೆ ಹನ್ನೆರಡು ಜನರ ಎರಡೆರಡು ಗಂಟೆ ಇದೆ. ಅಷ್ಟರಲ್ಲೇ ಹತ್ತು ಸಾಲನ್ನ ಸರಿಯಾಗಿ ನೋಡಬಹುದು.

ಹೇಗೆ ಅಂತ ಕೇಳಿದ್ರೆ, ನಾನು ಈಗ ನನ್ನ ಟೀಮಲ್ಲಿ ಮಾಡ್ತಿರೋದನ್ನ ಹೇಳ್ತೀನಿ. ಪೇಟೆಂಟ್ ಏನಿಲ್ಲ, ಕದೀರಿ.

‘ಸರ್ವರ್ ರಿಸ್ಕ್’ ಅಂತ ಬರೆಯೋದನ್ನ ನಿಲ್ಲಿಸಿದ್ವಿ. ರಿಸ್ಕ್ ಅನ್ನೋದು ಒಂದು ಪೂರ್ತಿ ವಾಕ್ಯ ಆಗಿರಬೇಕು. ಇಂಥ ಕಾರಣಕ್ಕೆ, ಇಂಥದ್ದು ನಡೆದು, ಇಂಥವರಿಗೆ ಇಷ್ಟು ತೊಂದರೆ. ವಾಕ್ಯ ಬರೆಯೋಕೆ ಆಗಲಿಲ್ಲ ಅಂದ್ರೆ ರೇಟಿಂಗೂ ಆಗಲ್ಲ. ಅರ್ಧ ಜಗಳ ಇಲ್ಲೇ ಮುಗೀತದೆ.

ಸಾಧ್ಯತೆ ಬೇರೆ, ಪೆಟ್ಟು ಬೇರೆ ಮಾಡಿದ್ವಿ. ಗುಣಿಸಲ್ಲ, ಎರಡನ್ನೂ ಪಕ್ಕಪಕ್ಕ ಇಡ್ತೀವಿ. ಪೆಟ್ಟಿನ ಮೂರು ಮಟ್ಟಕ್ಕೆ ನಮ್ಮದೇ ಅಳತೆ. ಒಂದು ಗಂಟೆಯೊಳಗೆ ಸರಿಹೋಗಿ, ಗ್ರಾಹಕರಿಗೆ ಗೊತ್ತಾಗದಿದ್ರೆ ಲೋ. ಒಂದು ಕೆಲಸದ ದಿನದೊಳಗೆ ಸರಿಹೋದ್ರೆ ಮೀಡಿಯಂ. ಅದಕ್ಕಿಂತ ಹೆಚ್ಚಾದ್ರೆ, ಅಥವಾ ಎಷ್ಟು ಹೊತ್ತಾದ್ರೂ ಕಳೆದ ಡೇಟಾ ವಾಪಸ್ ಬರದಿದ್ರೆ, ಹೈ. ಸಾಧ್ಯತೆಗೆ ಅವಧಿ ಕಡ್ಡಾಯ. ‘ಆಗಬಹುದು’ ಅಂದ್ರೆ ಈ ವಾರವಾ, ಈ ಜನ್ಮದಲ್ಲಾ? ನಾವು ‘ಮುಂದಿನ 12 ತಿಂಗಳಲ್ಲಿ’ ಅಂತ ಇಟ್ಕೊಂಡಿದೀವಿ. ನಿಮ್ಮ ಗೆರೆ ಬೇರೆ ಇರಲಿ. ಗೆರೆ ಎಲ್ಲಿದೆ ಅನ್ನೋದಕ್ಕಿಂತ ಎಲ್ಲರಿಗೂ ಒಂದೇ ಗೆರೆ ಕಾಣ್ತಿದೆಯಾ ಅನ್ನೋದು ಮುಖ್ಯ.

ಈಗಿರೋ ರಕ್ಷಣೆ ಸೇರಿಸಿ ಹೇಳ್ತಿದೀರಾ, ಬಿಟ್ಟು ಹೇಳ್ತಿದೀರಾ ಅಂತ ಪ್ರತಿ ಸಾಲಿಗೂ ಬರೀತೀವಿ. ಸೇರಿಸಿ ಅಂದ್ರೆ, ಆ ರಕ್ಷಣೆಯನ್ನ ಕಡೆಯ ಸಲ ಪರೀಕ್ಷೆ ಮಾಡಿದ ತಾರೀಖು ಬೇಕು. ತಾರೀಖು ಇಲ್ಲದ ಬ್ಯಾಕಪ್ ನಮ್ಮ ಶೀಟಲ್ಲಿ ಬ್ಯಾಕಪ್ ಅಲ್ಲ.

ಮಾತಾಡೋಕೆ ಮುಂಚೆ ಎಲ್ಲರೂ ಬೇರೆ ಬೇರೆಯಾಗಿ ಬರೀತೀವಿ. ಒಂದು ಫೀಚರ್‌ಗೆ ಎಷ್ಟು ಪಾಯಿಂಟ್ ಅಂತ ಪ್ಲಾನಿಂಗ್ ಪೋಕರ್ ಆಡ್ತೀವಲ್ಲ, ಥೇಟ್ ಹಾಗೇ. ಎಲ್ಲರೂ ಒಟ್ಟಿಗೆ ಕಾರ್ಡ್ ತೋರಿಸಬೇಕು. ಬಟನ್ನಿನ ಬಣ್ಣ ಬದಲಾಯಿಸೋಕೆ ಇಷ್ಟು ಪ್ರಜಾಪ್ರಭುತ್ವ ಇಟ್ಕೊಂಡು, ಕಂಪನಿ ಮುಳುಗೋ ವಿಷಯಕ್ಕೆ ಬಾಸ್ ಮೊದಲು ಬಾಯಿ ಬಿಡೋದು ಯಾವ ನ್ಯಾಯ? ಅತಿ ಹೆಚ್ಚು ಹೇಳಿದೋರು, ಅತಿ ಕಮ್ಮಿ ಹೇಳಿದೋರು ಮೊದಲು ಮಾತಾಡಬೇಕು. ಸರಾಸರಿ ತೆಗೆಯೋ ಹಾಗಿಲ್ಲ. ಹೈ ಮತ್ತು ಲೋ ಸೇರಿದ್ರೆ ಮೀಡಿಯಂ ಆಗಲ್ಲ; ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲ ಅಂತ ಅರ್ಥ. ಯಾರಾದ್ರೂ ರೇಟಿಂಗ್ ಬದಲಾಯಿಸಿದ್ರೆ ಬದಲಾಯಿಸಿದೋರ ಹೆಸರು ಮತ್ತು ಕಾರಣ ಅದೇ ಸಾಲಲ್ಲಿ ಉಳೀಬೇಕು. ಈ ಕೊನೇ ನಿಯಮವನ್ನ ನಾನು ಯಾಕೆ ಹಾಕಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆರು ತಿಂಗಳಿಗೊಮ್ಮೆ ತಿರುಗಿ ನೋಡ್ತೀವಿ. ನಿಜಕ್ಕೂ ಬಿದ್ದದ್ದು ಯಾವುದು, ಅದಕ್ಕೆ ನಾವು ಏನು ಬಣ್ಣ ಹಚ್ಚಿದ್ವಿ? ಹಳೇ ಮೂರು ಅವಘಡಗಳನ್ನ ತೂಕದ ಕಲ್ಲಿನ ಹಾಗೆ ಇಟ್ಕೊಂಡಿದೀವಿ, ಒಂದೊಂದು ಮಟ್ಟಕ್ಕೆ ಒಂದೊಂದು. ಹೊಸಬರು ಬಂದಾಗ ‘ಇದು ನಮ್ಮ ಹೈ, ಇದು ನಮ್ಮ ಮೀಡಿಯಂ’ ಅಂತ ಮೊದಲು ಅದನ್ನೇ ತೋರಿಸ್ತೀವಿ.

ಇಷ್ಟು ಮಾಡಿದ್ರೆ ಅಂದಾಜು ಯಾವಾಗಲೂ ಸರಿ ಆಗ್ತದಾ? ಇಲ್ಲ. ಗೇಣು ಹಸಿ ನೋಡಿ ಬಿತ್ತಿದ ಶೇಂಗಾ ಎಷ್ಟೋ ವರ್ಷ ಒಣಗಿದೆ. ಹನ್ನೆರಡೂ ಜನ ಸೇರಿ ಒಂದೇ ತಪ್ಪು ಮಾಡೋ ಸಾಧ್ಯತೆಯೂ ಇದೆ. ಆದರೆ ಬರೆದಿಟ್ಟ ತಪ್ಪನ್ನ ತಿದ್ದಬಹುದು. ಈ ವರ್ಷ ಗೇಣು ಸಾಲಲಿಲ್ಲ, ಮುಂದಿನ ವರ್ಷ ಇನ್ನೂ ನಾಲ್ಕು ಬೆರಳು ಹೆಚ್ಚು ನೋಡೋಣ ಅನ್ನಬಹುದು. ‘ಮೀಡಿಯಂ ಅಂದ್ರೆ ಮೀಡಿಯಂ’ ಅನ್ನೋದನ್ನ ಎಲ್ಲಿಂದ ತಿದ್ದೋಕೆ ಶುರು ಮಾಡ್ತೀರ?

ಎಲ್ಲರಿಗೂ ಒಂದೇ ಮಾತು ತಲುಪಬೇಕು ಅಂದ್ರೆ ಏನು ಮಾಡಬೇಕು ಅನ್ನೋದು ನಮ್ಮ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನ ಬೆಳಕಿಗೆ ತಂದ್ರು. ಹತ್ತಿರ ಹತ್ತಿರದ ಮೂರು ಬಂಡೆ, ಹೆಚ್ಚುಕಡಿಮೆ ಒಂದೇ ಆಜ್ಞೆ. ಅಧಿಕಾರಿಗಳಿಗೆ ಬಾಯಲ್ಲಿ ಹೇಳಿ ಬಿಡಬಹುದಿತ್ತು. ಬಿಡಲಿಲ್ಲ, ಕಲ್ಲಲ್ಲಿ ಕೆತ್ತಿಸಿದ. ನಾನು ಅಷ್ಟೆಲ್ಲ ಕೇಳ್ತಿಲ್ಲ. ನಿಮ್ಮ ಶೀಟಿನ ಎರಡನೇ ಟ್ಯಾಬಲ್ಲಿ ಆರು ಸಾಲು ಬರೀರಿ ಅಂತ ಕೇಳ್ತಿದೀನಿ.

ಆ ಹುಡುಗ ಈಗ ಬೇರೆ ಕಂಪನೀಲಿದಾನೆ, ನನಗಿಂತ ಒಳ್ಳೇ ಕೆಲಸದಲ್ಲಿ. ಹೋದ ವರ್ಷ ಫೋನ್ ಮಾಡಿ ಕ್ಷಮೆ ಕೇಳಿದೆ. “ಬಿಡಿ ಸರ್, ಹಳೇದು” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದೇ ಒಂದು ಬೇಜಾರು ಸರ್. ಅವತ್ತು ನೀವು ಯಾಕೆ ಮೀಡಿಯಂ ಅಂದ್ರಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ” ಅಂದ.

ಮುಂದಿನ ಮೀಟಿಂಗಲ್ಲಿ ಯಾರಾದ್ರೂ ಮೀಡಿಯಂ ಅಂದಾಗ ನೀವೂ ಕೈ ಎತ್ತಿ ಕೇಳಿ, “ಎಷ್ಟಪ್ಪಾ?” ನಗ್ತಾರೆ, ನಗಲಿ. ಇನ್ನೊಂದು ಸಲ ಕೇಳಿ.